ಗಿರಣಿ ಮುಚ್ಚಿತು, ನೀರಿನ ಲೆಕ್ಕ ಮುಗಿಯಲಿಲ್ಲ

ಒಂದು ಲೋಟ ನೀರಿನಲ್ಲಿ ಯುರೇನಿಯಂ ಕರಗಿದ್ದರೆ ನಮಗೆ ಗೊತ್ತಾಗುವುದಿಲ್ಲ. ಬಾವಿ ನೀರಿನಲ್ಲಿ ಅದು ಇರುವಷ್ಟು ಪ್ರಮಾಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಆದರೆ ಯುರೇನಿಯಂ ಹೋಗುವುದಿಲ್ಲ. ಸ್ವಲ್ಪ ನೀರು ಆವಿಯಾಗಿ ಹೋಗುವುದರಿಂದ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಒಂದಿಷ್ಟು ಹೆಚ್ಚೇ ಆಗುತ್ತದೆ. ಹಾಗಾದರೆ ಹಿಂದೆ ಯುರೇನಿಯಂ ಸಂಸ್ಕರಿಸಿದ ಜಾಗದ ಪಕ್ಕದಲ್ಲಿ ವಾಸಿಸುವವರಿಗೆ "ನಿಮ್ಮ ನೀರು ಸುರಕ್ಷಿತ" ಅಥವಾ "ಸುರಕ್ಷಿತವಲ್ಲ" ಎಂದು ಹೇಳುವವರು ಅದನ್ನು ಹೇಗೆ ತಿಳಿಯುತ್ತಾರೆ? ಈ ಲೇಖನ ಆ ಪ್ರಶ್ನೆಯ ಬಗ್ಗೆ.

ಇದು ವಿಜ್ಞಾನ ವಿಭಾಗದವರ ವಿಷಯ, ಕಾಮರ್ಸ್ ವಿದ್ಯಾರ್ಥಿಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ನನಗೂ ಮೊದಲು ಹಾಗೇ ಅನಿಸಿತ್ತು. ಓದುತ್ತಾ ಹೋದಂತೆ ಇದರಲ್ಲಿ ಅರ್ಧ ರಸಾಯನಶಾಸ್ತ್ರವಿದ್ದರೆ ಇನ್ನರ್ಧ ಲೆಕ್ಕಪತ್ರ ಎಂದು ತಿಳಿಯಿತು. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು, ಉಳಿದದ್ದು ಎಲ್ಲಿದೆ? ನಾವು ಅಕೌಂಟೆನ್ಸಿ ತರಗತಿಯಲ್ಲಿ ಕೇಳುವ ಪ್ರಶ್ನೆಗಳೇ ಇವು.

ಗಿರಣಿಯಲ್ಲಿ ಉಳಿಯುವುದೇನು?

ಗಣಿಯಿಂದ ಬಂದ ಅದಿರನ್ನು ಗಿರಣಿಯಲ್ಲಿ ಪುಡಿ ಮಾಡಿ, ಹೆಚ್ಚಾಗಿ ಗಂಧಕಾಮ್ಲದಲ್ಲಿ ನೆನೆಸಿ, ಯುರೇನಿಯಂ ಅನ್ನು ಕರಗಿಸಿ ಬೇರ್ಪಡಿಸುತ್ತಾರೆ. ಕೊನೆಗೆ ಸಿಗುವ ಪುಡಿಗೆ ಯೆಲ್ಲೋಕೇಕ್ ಎನ್ನುತ್ತಾರೆ. ಅದಿರಿನಲ್ಲಿ ಯುರೇನಿಯಂ ಶೇ. 0.2 ಇದೆ ಎಂದುಕೊಳ್ಳೋಣ. ಆಗ 1,000 ಕೆ.ಜಿ. ಅದಿರಿನಿಂದ ಸಿಗುವುದು 2 ಕೆ.ಜಿ. ಮಾತ್ರ. ಉಳಿದ 998 ಕೆ.ಜಿ. ಆಮ್ಲದಲ್ಲಿ ನೆನೆದ ಕೆಸರಾಗಿ ಹೊರಬಂದು ದಿಬ್ಬವಾಗಿ ಬೀಳುತ್ತದೆ. ಇದನ್ನು ಟೇಲಿಂಗ್ಸ್ ಎನ್ನುತ್ತಾರೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅವು ಚಿನ್ನ ತೆಗೆದ ಮೇಲೆ ಉಳಿದ ದಿಬ್ಬಗಳು, ಇವು ಯುರೇನಿಯಂ ತೆಗೆದ ಮೇಲೆ ಉಳಿದವು.

ಯುರೇನಿಯಂ ತೆಗೆದ ಮೇಲೆ ವಿಕಿರಣವೂ ಹೋಯಿತು ಎಂದುಕೊಳ್ಳುವುದು ತಪ್ಪು. ಅದಿರಿನ ಒಟ್ಟು ವಿಕಿರಣದಲ್ಲಿ ಸುಮಾರು ಶೇ. 85ರಷ್ಟು ದಿಬ್ಬದಲ್ಲೇ ಉಳಿಯುತ್ತದೆ. ಯುರೇನಿಯಂನಿಂದ ಹುಟ್ಟಿದ ಥೋರಿಯಂ, ರೇಡಿಯಂ ಮುಂತಾದವು ಅಲ್ಲಿಯೇ ಇರುವುದೇ ಇದಕ್ಕೆ ಕಾರಣ. ರೇಡಿಯಂ-226ರ ಅರ್ಧಾಯುಷ್ಯ 1,600 ವರ್ಷ. ಇದರ ಜೊತೆಗೆ ಪೂರ್ತಿ ತೆಗೆಯಲಾಗದ ಸ್ವಲ್ಪ ಯುರೇನಿಯಂ, ಮಾಲಿಬ್ಡಿನಂನಂಥ ಲೋಹಗಳು, ಆಮ್ಲದಿಂದ ಬಂದ ಸಲ್ಫೇಟ್ ಕೂಡ ಇರುತ್ತವೆ. ಮಳೆಯ ನೀರು ಮತ್ತು ಕೆಸರಿನದೇ ನೀರು ಇವನ್ನೆಲ್ಲ ಹೊತ್ತು ಕೆಳಗೆ ಇಳಿಯುತ್ತದೆ. ಕೆಳಗಿರುವುದು ಅಂತರ್ಜಲ.

ರಿವರ್ಟನ್ ಎಂಬ ಊರು

ಈ ವಿಷಯ ಅರ್ಥವಾಗಲು ಒಂದು ನಿಜವಾದ ಜಾಗವನ್ನು ನೋಡುವುದು ಒಳ್ಳೆಯದು. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ರಿವರ್ಟನ್ ಎಂಬ ಊರಿದೆ. ಅದರ ಹತ್ತಿರ ವಿಂಡ್ ರಿವರ್ ಮತ್ತು ಲಿಟಲ್ ವಿಂಡ್ ರಿವರ್ ಎಂಬ ಎರಡು ನದಿಗಳ ನಡುವಿನ ಬಯಲಿನಲ್ಲಿ 1958ರಿಂದ 1963ರವರೆಗೆ ಒಂದು ಯುರೇನಿಯಂ ಗಿರಣಿ ನಡೆಯಿತು. ಇದು ಈಸ್ಟರ್ನ್ ಶೊಶೋನಿ ಮತ್ತು ನಾರ್ದರ್ನ್ ಅರಾಪಹೋ ಎಂಬ ಎರಡು ಮೂಲನಿವಾಸಿ ಬುಡಕಟ್ಟುಗಳ ಮೀಸಲು ಪ್ರದೇಶದ ಗಡಿಯೊಳಗೆ ಬರುವ ಜಾಗ.

ಗಿರಣಿ ನಡೆದದ್ದು ಐದೇ ವರ್ಷ. ಆದರೆ ಅದರ ದಿಬ್ಬ, ಅಡಿಯಲ್ಲಿ ಯಾವ ಹಾಸೂ ಇಲ್ಲದೆ, ಇನ್ನೂ ಸುಮಾರು 25 ವರ್ಷ ಅಲ್ಲೇ ಇತ್ತು. 1978ರಲ್ಲಿ ಅಮೆರಿಕದ ಸಂಸತ್ತು ಇಂಥ ಹಳೆಯ ಗಿರಣಿ ಜಾಗಗಳನ್ನು ಸ್ವಚ್ಛಗೊಳಿಸಲು ಒಂದು ಕಾನೂನು ಮಾಡಿತು. ಇಪ್ಪತ್ತಕ್ಕೂ ಹೆಚ್ಚು ಜಾಗಗಳ ಹೊಣೆ ಅಲ್ಲಿನ ಇಂಧನ ಇಲಾಖೆಗೆ ಬಂತು. ಅದರಂತೆ 1980ರ ದಶಕದ ಕೊನೆಯಲ್ಲಿ ರಿವರ್ಟನ್‌ನ ದಿಬ್ಬವನ್ನು, ಅಂದರೆ 13 ಲಕ್ಷ ಘನ ಮೀಟರಿಗೂ ಹೆಚ್ಚಿನ ಮಣ್ಣನ್ನು, ಪೂರ್ವಕ್ಕಿರುವ ಗ್ಯಾಸ್ ಹಿಲ್ಸ್ ಎಂಬಲ್ಲಿಗೆ ಸಾಗಿಸಿದರು.

ದಿಬ್ಬ ಹೋಯಿತು. ಆದರೆ ಅಷ್ಟು ವರ್ಷಗಳಲ್ಲಿ ಕೆಳಗೆ ಇಳಿದ ಯುರೇನಿಯಂ ಲಾರಿ ಹತ್ತಲಿಲ್ಲ. ಅದು ನೆಲದಡಿಯ ನೀರಿನಲ್ಲೇ ಉಳಿಯಿತು.

ಮೂರು ಪ್ರಶ್ನೆಗಳು

ಅಪಾಯ ಎಷ್ಟಿದೆ ಎಂದು ಅಂದಾಜು ಮಾಡುವವರು ಎಲ್ಲಿಯೇ ಆಗಲಿ ಮೂರು ಪ್ರಶ್ನೆ ಕೇಳುತ್ತಾರೆ. ವಿಷ ಎಲ್ಲಿದೆ? ಅದು ಯಾವ ದಾರಿಯಲ್ಲಿ ಸಾಗುತ್ತದೆ? ದಾರಿಯ ಕೊನೆಯಲ್ಲಿ ಯಾರಿದ್ದಾರೆ? ಮೂರೂ ಕೂಡಿದರೆ ಮಾತ್ರ ಅಪಾಯ. ವಿಷವಿದ್ದು ದಾರಿಯಿಲ್ಲದಿದ್ದರೆ, ಅಥವಾ ದಾರಿಯಿದ್ದು ಕುಡಿಯುವವರಿಲ್ಲದಿದ್ದರೆ ಅಪಾಯ ಕಡಿಮೆ.

ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಲು ವೀಕ್ಷಣಾ ಬಾವಿಗಳನ್ನು ಕೊರೆಯುತ್ತಾರೆ. ಇವು ನೀರು ಬಳಸಲು ಅಲ್ಲ, ನೀರು ಪರೀಕ್ಷಿಸಲು. ಕನಿಷ್ಠ ಮೂರು ಬಾವಿಗಳ ನೀರಿನ ಮಟ್ಟ ಗೊತ್ತಾದರೆ ಅಂತರ್ಜಲ ಯಾವ ಕಡೆಗೆ ಇಳಿಯುತ್ತಿದೆ ಎಂದು ಹೇಳಬಹುದು. ಒಂದಾದರೂ ಬಾವಿ ದಿಬ್ಬದ ಮೇಲ್ಭಾಗದಲ್ಲಿ, ಅಂದರೆ ನೀರು ಬರುವ ಕಡೆ ಇರಬೇಕು. ಯಾಕೆಂದರೆ ಯುರೇನಿಯಂ ಹಲವು ಬಗೆಯ ಬಂಡೆಗಳಲ್ಲಿ ಸಹಜವಾಗಿಯೂ ಇರುತ್ತದೆ. ಮೇಲ್ಭಾಗದ ಬಾವಿಯ ಅಂಕಿ ನಮ್ಮ ಲೆಕ್ಕದ ಆರಂಭಿಕ ಶಿಲ್ಕು ಇದ್ದಂತೆ. ಅದು ಇಲ್ಲದಿದ್ದರೆ ಗಿರಣಿ ಸೇರಿಸಿದ್ದು ಎಷ್ಟು, ಪ್ರಕೃತಿ ಇಟ್ಟಿದ್ದು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಯುರೇನಿಯಂ ಜೊತೆಗೆ ಸಲ್ಫೇಟ್ ಮತ್ತು ಮಾಲಿಬ್ಡಿನಂ ಕೂಡ ಏರಿದ್ದರೆ ಬೆರಳು ಗಿರಣಿಯ ಕಡೆಗೆ ಹೆಚ್ಚು ತೋರಿಸುತ್ತದೆ.

ರಿವರ್ಟನ್‌ನಲ್ಲಿ ಈ ಕೆಲಸ ಮಾಡಿದಾಗ ಕಂಡದ್ದೇನೆಂದರೆ, ಮೇಲಿನ ಮರಳು ಮತ್ತು ಉರುಟು ಕಲ್ಲಿನ ಪದರದ ನೀರು ಕಲುಷಿತವಾಗಿತ್ತು. ಅದು ಆಗ್ನೇಯಕ್ಕೆ, ಲಿಟಲ್ ವಿಂಡ್ ರಿವರ್ ಕಡೆಗೆ ಸರಿಯುತ್ತಿತ್ತು. ಮನೆಗಳಿಗೆ ನೀರು ಕೊಡುವ ಆಳದ ಪದರ ಅದರಿಂದ ಬೇರೆಯಾಗಿತ್ತು.

ನೀರಿನ ವೇಗ ಬೇರೆ, ಯುರೇನಿಯಂ ವೇಗ ಬೇರೆ

ಎರಡನೆಯ ಪ್ರಶ್ನೆ ದಾರಿಯದು. ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. ಅಂಕಿಗಳು ರಿವರ್ಟನ್‌ನವಲ್ಲ, ತಿಳಿಯಲು ನಾನೇ ತೆಗೆದುಕೊಂಡವು.

ಮರಳಿನ ಪದರ ದಿನಕ್ಕೆ 30 ಮೀಟರ್ ಲೆಕ್ಕದಲ್ಲಿ ನೀರು ಬಿಡಬಲ್ಲದು ಎಂದುಕೊಳ್ಳಿ. ನೀರಿನ ಮಟ್ಟದ ಇಳಿಜಾರು ಸಾವಿರ ಮೀಟರಿಗೆ 3 ಮೀಟರ್. ಮರಳಿನಲ್ಲಿ ಖಾಲಿ ಜಾಗ ಶೇ. 30. ಡಾರ್ಸಿಯ ನಿಯಮದಂತೆ 30ನ್ನು 0.003ರಿಂದ ಗುಣಿಸಿ 0.3ರಿಂದ ಭಾಗಿಸಿದರೆ ದಿನಕ್ಕೆ 0.3 ಮೀಟರ್, ವರ್ಷಕ್ಕೆ ಸುಮಾರು 110 ಮೀಟರ್ ಆಯಿತು. ನದಿ 600 ಮೀಟರ್ ದೂರದಲ್ಲಿದ್ದರೆ ನೀರು ಐದೂವರೆ ವರ್ಷದಲ್ಲಿ ಅಲ್ಲಿಗೆ ತಲುಪುತ್ತದೆ.

ಆದರೆ ಯುರೇನಿಯಂ ನೀರಿನ ಜೊತೆ ಅಷ್ಟೇ ವೇಗದಲ್ಲಿ ಹೋಗುವುದಿಲ್ಲ. ದಾರಿಯುದ್ದಕ್ಕೂ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ, ಬಿಡುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. ಪೇಟೆಗೆ ಹೊರಟವರು ಪ್ರತಿ ಅಂಗಡಿಯಲ್ಲೂ ನಿಂತು ಮಾತಾಡುತ್ತಾ ಹೋದಂತೆ. ಎಷ್ಟು ಅಂಟಿಕೊಳ್ಳುತ್ತದೆ ಎಂಬುದನ್ನು ಒಂದು ಅಂಕಿಯಲ್ಲಿ ಹೇಳುತ್ತಾರೆ. ಇದಕ್ಕೆ ಹಂಚಿಕೆ ಗುಣಾಂಕ ಎನ್ನಬಹುದು. ಆ ಅಂಕಿ ಇಂತಿಷ್ಟಿದ್ದು ಯುರೇನಿಯಂ ನೀರಿಗಿಂತ 6 ಪಟ್ಟು ನಿಧಾನವಾದರೆ ನದಿ ತಲುಪಲು 33 ವರ್ಷ ಬೇಕು. 16 ಪಟ್ಟು ನಿಧಾನವಾದರೆ ಸುಮಾರು 88 ವರ್ಷ ಬೇಕು. ಜಾಗ ಅದೇ, ಬಾವಿ ಅದೇ, ನೀರೂ ಅದೇ. ಒಂದು ಅಂಕಿ ಬದಲಾದರೆ ಉತ್ತರ ಒಂದು ತಲೆಮಾರಿನಿಂದ ಮೂರು ತಲೆಮಾರಿಗೆ ಹೋಗುತ್ತದೆ.

ಆ ಅಂಕಿಯೂ ಒಂದೇ ಕಡೆ ನಿಲ್ಲುವುದಿಲ್ಲ. ಆಮ್ಲಜನಕ ಇರುವ ನೀರಿನಲ್ಲಿ ಯುರೇನಿಯಂ ಸುಲಭವಾಗಿ ಕರಗಿರುತ್ತದೆ. ನೀರಿನಲ್ಲಿ ಕಾರ್ಬೋನೇಟ್ ಮತ್ತು ಕ್ಯಾಲ್ಸಿಯಂ ಇದ್ದರೆ ಅವುಗಳ ಜೊತೆ ಸೇರಿ ಇನ್ನಷ್ಟು ಸಲೀಸಾಗಿ ಸಾಗುತ್ತದೆ. ಆಮ್ಲಜನಕ ಇಲ್ಲದ ಕಡೆ, ಉದಾಹರಣೆಗೆ ಕೊಳೆತ ಎಲೆ, ಬೇರು ತುಂಬಿದ ಹಳೆಯ ಕೆಸರಿನಲ್ಲಿ, ಅದೇ ಯುರೇನಿಯಂ ಕರಗದ ರೂಪ ಪಡೆದು ಕೂತುಬಿಡುತ್ತದೆ. ಆಗ ಬಾವಿಯ ನೀರು ಶುದ್ಧವಾಗಿ ಕಾಣುತ್ತದೆ. ಆದರೆ ಯುರೇನಿಯಂ ಹೋಗಿಲ್ಲ, ಪಕ್ಕದ ಮಣ್ಣಿನಲ್ಲಿ ಕೂತಿದೆ.

ನೂರು ವರ್ಷದ ಅಂದಾಜು, 2010ರ ಪ್ರವಾಹ

ಅಮೆರಿಕದ ನಿಯಮದಲ್ಲಿ ಒಂದು ಅವಕಾಶವಿದೆ. ಅಂತರ್ಜಲ ತಾನಾಗಿಯೇ ಹರಿದು 100 ವರ್ಷದೊಳಗೆ ಮಿತಿಗೆ ಇಳಿಯುತ್ತದೆ ಎಂದು ತೋರಿಸಿದರೆ, ನೀರನ್ನು ಪಂಪ್ ಮಾಡಿ ಶುದ್ಧೀಕರಿಸುವ ಬದಲು ಕಾಯಬಹುದು. ಅಷ್ಟು ಕಾಲ ಜನ ಆ ನೀರು ಬಳಸದಂತೆ ನೋಡಿಕೊಳ್ಳಬೇಕು. ಈ ಜಾಗಗಳ ಅಂತರ್ಜಲಕ್ಕೆ ಯುರೇನಿಯಂ ಮಿತಿ ಲೀಟರಿಗೆ 44 ಮೈಕ್ರೋಗ್ರಾಂ. ರಿವರ್ಟನ್‌ನಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿ, 100 ವರ್ಷದೊಳಗೆ ಸರಿಯಾಗುತ್ತದೆ ಎಂದು ಹೇಳಿ 1998ರಲ್ಲಿ ಈ ದಾರಿಯನ್ನೇ ಆರಿಸಿದರು. ಹತ್ತಿರದ ಮನೆಗಳಿಗೆ ಬೇರೆ ಕಡೆಯಿಂದ ಕೊಳವೆಯಲ್ಲಿ ನೀರು ಕೊಟ್ಟರು. ಬಾವಿಗಳ ಪರೀಕ್ಷೆ ಮುಂದುವರಿಯಿತು.

2010ರ ಜೂನ್‌ನಲ್ಲಿ ಲಿಟಲ್ ವಿಂಡ್ ರಿವರ್ ಉಕ್ಕಿ ಹರಿದು ಬಯಲನ್ನು ಮುಳುಗಿಸಿತು. ಅದಾದ ಮೇಲೆ ತೆಗೆದ ಮಾದರಿಗಳಲ್ಲಿ ನದಿಯ ಹತ್ತಿರದ ಕೆಲವು ಬಾವಿಗಳ ಯುರೇನಿಯಂ ಪ್ರಮಾಣ ಏಕಾಏಕಿ ಮೇಲೇರಿತ್ತು. ಪ್ರವಾಹದ ನೀರು ಬಂದರೆ ಕಲುಷಿತ ನೀರು ತೆಳುವಾಗಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಆದದ್ದು ತದ್ವಿರುದ್ಧ.

ಇಂಧನ ಇಲಾಖೆ ಮತ್ತೆ ನೆಲವನ್ನು ಪರೀಕ್ಷಿಸಿತು. 2012ರಿಂದ ಹೊಸದಾಗಿ ಅನೇಕ ಕಡೆ ಮಣ್ಣು ಮತ್ತು ನೀರಿನ ಮಾದರಿ ತೆಗೆದರು. ಆಗ ಕಾರಣ ನಿಧಾನವಾಗಿ ತಿಳಿಯಿತು. ಅಲ್ಲಿ ಮಳೆ ಕಡಿಮೆ, ನೀರಿನ ಮಟ್ಟ ಮೇಲೆಯೇ ಇದೆ. ಬೇಸಿಗೆಯಲ್ಲಿ ಕಲುಷಿತ ಅಂತರ್ಜಲ ಮೇಲಿನ ಒಂಡು ಮಣ್ಣಿನ ಪದರಕ್ಕೆ, ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ, ಏರುತ್ತದೆ. ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ನಮ್ಮ ಕಡೆ ಚೌಳು ನೆಲದಲ್ಲಿ ಬಿಳಿ ಉಪ್ಪು ಮೇಲೆ ಬಂದಿರುವುದನ್ನು ನೋಡಿರುತ್ತೀರಿ. ಅದೇ ರೀತಿ ಅಲ್ಲಿನ ಉಪ್ಪಿನ ಜೊತೆ ಯುರೇನಿಯಂ ಕೂಡ ವರ್ಷ ವರ್ಷ ಜಮೆಯಾಗಿತ್ತು. ನದಿ ಬಿಟ್ಟುಹೋದ ಹಳೆಯ ಪಾತ್ರಗಳ ಕೊಳೆತ ಕೆಸರಿನಲ್ಲೂ ಯುರೇನಿಯಂ ಕೂತಿತ್ತು. ಪ್ರವಾಹ ಬಂದಾಗ ಮೇಲಿನಿಂದ ಇಳಿದ ನೀರು ಆ ಉಪ್ಪನ್ನು ಕರಗಿಸಿ ಮತ್ತೆ ಅಂತರ್ಜಲಕ್ಕೆ ಸೇರಿಸಿತು.

ಅಂದರೆ ತಪ್ಪಾದದ್ದು ಗುಣಾಕಾರದಲ್ಲಿ ಅಲ್ಲ. ದಾಸ್ತಾನಿನ ಪಟ್ಟಿಯಲ್ಲಿ. ದಿಬ್ಬ ಹೋಗಿದೆ, ಉಳಿದಿರುವುದು ಮುಖ್ಯವಾಗಿ ಮರಳಿನ ಪದರದ ನೀರಿನಲ್ಲಿ ಇರುವುದಷ್ಟೇ, ಅದು ಹರಿದು ಖಾಲಿಯಾಗುತ್ತದೆ ಎಂಬುದು ಹಳೆಯ ಲೆಕ್ಕ. ನೀರಿನ ಮಟ್ಟಕ್ಕಿಂತ ಮೇಲಿರುವ ಒಣ ಮಣ್ಣಿನಲ್ಲಿ ಕೂತಿದ್ದ ದಾಸ್ತಾನಿಗೆ ಆ ಲೆಕ್ಕದಲ್ಲಿ ಸರಿಯಾದ ಜಾಗ ಇರಲಿಲ್ಲ. ಅಂಗಡಿಯವರು ಪುಸ್ತಕದಲ್ಲಿ ಸರಕು ಮುಗಿದಿದೆ ಎಂದು ಬರೆದು, ಹಿಂದಿನ ಕೋಣೆಯ ಬಾಗಿಲು ತೆರೆದು ನೋಡದಿದ್ದ ಹಾಗೆ. ವರ್ಷದ ಕೊನೆಗೆ ಪುಸ್ತಕದ ಜೊತೆ ಸರಕನ್ನು ಕಣ್ಣಾರೆ ಎಣಿಸಬೇಕು ಎಂದು ನಮಗೆ ಪಾಠ ಹೇಳುವುದು ಇದಕ್ಕೇ. ಹೊಸ ಅಧ್ಯಯನಗಳ ನಂತರ, 100 ವರ್ಷದ ಗಡುವಿನೊಳಗೆ ಸಹಜವಾಗಿ ಶುದ್ಧವಾಗುವ ಸಾಧ್ಯತೆ ಕಡಿಮೆ ಎಂದು ಇಲಾಖೆಯೇ ಒಪ್ಪಿಕೊಂಡು ತನ್ನ ಯೋಜನೆಯನ್ನು ಮರುಪರಿಶೀಲನೆಗೆ ತೆಗೆದುಕೊಂಡಿತು.

ಇಲ್ಲಿ ಒಂದು ಮಾತು ಹೇಳಬೇಕು. ತಪ್ಪು ಗೊತ್ತಾದದ್ದು ಹೇಗೆ? ಅಂದಾಜು ಮಾಡಿ ಕಡತ ಮುಚ್ಚದೆ ಬಾವಿಗಳ ಪರೀಕ್ಷೆ ಮುಂದುವರಿಸಿದ್ದರಿಂದ. 1998ರಲ್ಲೇ ಪರೀಕ್ಷೆ ನಿಲ್ಲಿಸಿದ್ದರೆ 2010ರ ಏರಿಕೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು.

ಕುಡಿಯುವವರು ಯಾರು?

ಮೂರನೆಯ ಪ್ರಶ್ನೆ ಜನರದು. ಕುಡಿಯುವ ನೀರಿನ ಮೂಲಕ ಹೊಟ್ಟೆಗೆ ಹೋದ ಯುರೇನಿಯಂ ಮುಖ್ಯವಾಗಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು. ಇದು ವಿಕಿರಣಕ್ಕಿಂತ ಹೆಚ್ಚಾಗಿ ಭಾರಲೋಹದ ಗುಣದಿಂದ ಆಗುವ ಹಾನಿ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಲೀಟರಿಗೆ 30 ಮೈಕ್ರೋಗ್ರಾಂ ಎಂಬ ತಾತ್ಕಾಲಿಕ ಮಾರ್ಗಸೂಚಿ ಮಿತಿ ಹೇಳಿದೆ. ನಮ್ಮ ದೇಶದಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ 60 ಎಂದು ಹೇಳಿತ್ತು. ನಂತರ ಭಾರತೀಯ ಮಾನಕ ಬ್ಯೂರೋ 30 ಎಂದು ನಿಗದಿ ಮಾಡಿತು.

ಆದರೆ ಒಂದೇ ನೀರು ಎಲ್ಲರಿಗೂ ಒಂದೇ ಅಲ್ಲ. ಲೀಟರಿಗೆ 60 ಮೈಕ್ರೋಗ್ರಾಂ ಇರುವ ನೀರನ್ನು 60 ಕೆ.ಜಿ. ತೂಕದ ದೊಡ್ಡವರು ದಿನಕ್ಕೆ 2 ಲೀಟರ್ ಕುಡಿದರೆ ಪ್ರತಿ ಕೆ.ಜಿ. ತೂಕಕ್ಕೆ 2 ಮೈಕ್ರೋಗ್ರಾಂ ಆಗುತ್ತದೆ. ಅದೇ ನೀರನ್ನು 15 ಕೆ.ಜಿ. ತೂಕದ ಮಗು 1 ಲೀಟರ್ ಕುಡಿದರೆ ಕೆ.ಜಿ.ಗೆ 4 ಮೈಕ್ರೋಗ್ರಾಂ. ಮಗು ಕುಡಿದದ್ದು ಅರ್ಧ, ಮೈಗೆ ಬಿದ್ದ ಹೊರೆ ಎರಡು ಪಟ್ಟು. ಆದ್ದರಿಂದ ಸರಾಸರಿ ಮನುಷ್ಯನನ್ನು ಮಾತ್ರ ಇಟ್ಟುಕೊಂಡು ಮಾಡಿದ ಲೆಕ್ಕ ಮನೆಯ ಚಿಕ್ಕವರಿಗೆ ಅನ್ವಯಿಸುವುದಿಲ್ಲ.

ಬಳಕೆಯನ್ನೂ ಕೇಳಬೇಕು. ಕುಡಿಯುವುದೊಂದೇ ಬಳಕೆಯಲ್ಲ. ಜನ ನದಿಯಲ್ಲಿ ಈಜುತ್ತಾರೆ, ಮೀನು ಹಿಡಿಯುತ್ತಾರೆ, ದನಗಳಿಗೆ ನೀರು ಕುಡಿಸುತ್ತಾರೆ. ಬುಡಕಟ್ಟಿನವರಿಗೆ ನೀರು ಪೂಜ್ಯವೂ ಹೌದು. ನಮಗೆ ವಝೂ ಇಲ್ಲದೆ ನಮಾಜ್ ಇಲ್ಲ. ನೀರು ನಮ್ಮ ಇಬಾದತ್‌ನ ಮೊದಲ ಹೆಜ್ಜೆ. ಹಾಗಿರುವಾಗ "ಈ ನೀರು ಮುಟ್ಟಬೇಡಿ" ಎಂಬ ಒಂದು ಫಲಕ ನೆಡುವುದು ಸಣ್ಣ ವಿಷಯವಲ್ಲ ಎಂದು ನಮಗೆ ಅರ್ಥವಾಗಬೇಕು. ಆ ಫಲಕವನ್ನು 100 ವರ್ಷ ಯಾರು ಕಾಯುತ್ತಾರೆ ಎಂಬುದೂ ಅಪಾಯದ ಲೆಕ್ಕದ ಭಾಗವೇ. 1998ಕ್ಕೆ 100 ಕೂಡಿಸಿದರೆ 2098. ಅದು ನಮ್ಮ ಮೊಮ್ಮಕ್ಕಳ ಕಾಲ.

ನಮ್ಮ ಕಡೆಗೆ ಇದರ ಸಂಬಂಧವೇನು?

ಕರ್ನಾಟಕದಲ್ಲಿ ರಿವರ್ಟನ್‌ನಂಥ ಹಳೆಯ ಯುರೇನಿಯಂ ದಿಬ್ಬದ ಕಥೆಯಿಲ್ಲ. ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳ ಕೆಲವು ಕೊಳವೆಬಾವಿಗಳಲ್ಲಿ ಯುರೇನಿಯಂ ಮಿತಿಗಿಂತ ಹೆಚ್ಚು ಸಿಕ್ಕಿದೆ. ಆದರೆ ಅದು ಗಿರಣಿಯಿಂದ ಬಂದದ್ದಲ್ಲ, ಆಳದ ಗ್ರಾನೈಟ್ ಬಂಡೆಯಿಂದ ಬಂದದ್ದು. ಎರಡನ್ನೂ ಬೆರೆಸಿ ಹೆದರಬಾರದು, ಬೆರೆಸಿ ಸುಮ್ಮನಾಗಲೂಬಾರದು. ಕುಡಿಯುವವರ ಮಟ್ಟಿಗೆ ಪರೀಕ್ಷೆ ಮಾಡಿಸುವುದು, ಹೆಚ್ಚಿದ್ದರೆ ಆರ್‌ಒ ಶುದ್ಧೀಕರಣದ ನೀರು ಬಳಸುವುದು ಒಳ್ಳೆಯ ಉಪಾಯ. ಕುದಿಸುವುದು ಉಪಾಯವಲ್ಲ.

ಇನ್ನೊಂದು ಊರು ಯಾದಗಿರಿ ಜಿಲ್ಲೆಯ ಗೋಗಿ. ಈ ಹೆಸರು ಕೇಳಿದರೆ ನಮ್ಮಲ್ಲಿ ಹಲವರಿಗೆ ಹಝ್ರತ್ ಚಂದಾ ಹುಸೇನಿಯವರ ದರ್ಗಾ ನೆನಪಾಗುತ್ತದೆ. ಅದೇ ಗೋಗಿಯ ನೆಲದಡಿಯಲ್ಲಿ ಯುರೇನಿಯಂ ಅದಿರು ಪತ್ತೆಯಾಗಿದೆ. ಅಲ್ಲಿ ಗಣಿ ಬೇಕೇ ಬೇಡವೇ ಎಂದು ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ರಿವರ್ಟನ್ ಓದಿದ ಮೇಲೆ ಒಂದು ಮಾತು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಇಂಥ ಕೆಲಸ ಎಲ್ಲೇ ಶುರುವಾಗುವುದಾದರೂ ಮೊದಲ ಗುದ್ದಲಿ ಬೀಳುವ ಮುನ್ನವೇ ಸುತ್ತಲಿನ ಪ್ರತಿ ಬಾವಿಯ ನೀರನ್ನು ಪರೀಕ್ಷಿಸಿ, ಆ ಅಂಕಿಗಳನ್ನು ಊರಿನವರ ಕೈಗೂ ಕೊಡಬೇಕು. ಆರಂಭಿಕ ಶಿಲ್ಕು ಬರೆಯದ ಪುಸ್ತಕದಲ್ಲಿ ನಷ್ಟ ಯಾರದು ಎಂದು ಕೊನೆಗೆ ಯಾರೂ ತೋರಿಸಲಾರರು.

ಮುಂದೆ ನಮ್ಮಲ್ಲಿ ಕೆಲವರು ಇಂಜಿನಿಯರ್ ಆಗಬಹುದು, ಕೆಲವರು ಆಡಿಟರ್, ಕೆಲವರು ಪಂಚಾಯಿತಿ ಸದಸ್ಯರು. ಯಾವತ್ತಾದರೂ ಯಾರಾದರೂ ಒಂದು ವರದಿ ತೋರಿಸಿ "ನೀರಿಗೆ ಏನೂ ಆಗುವುದಿಲ್ಲ" ಎಂದರೆ ನಾಲ್ಕು ಪ್ರಶ್ನೆ ಕೇಳೋಣ. ಮೊದಲು ನೀರು ಹೇಗಿತ್ತು? ಉಳಿದ ದಾಸ್ತಾನನ್ನು ಎಲ್ಲೆಲ್ಲಿ ಎಣಿಸಿದ್ದೀರಿ, ಒಣ ಮಣ್ಣಿನಲ್ಲೂ ನೋಡಿದ್ದೀರಾ? ಪ್ರವಾಹ ಬಂದರೆ, ಬರಗಾಲ ಬಂದರೆ ಲೆಕ್ಕ ಏನಾಗುತ್ತದೆ? ಎಷ್ಟು ವರ್ಷದವರೆಗೆ ಬಾವಿಗಳನ್ನು ಪರೀಕ್ಷಿಸುತ್ತೀರಿ, ಖರ್ಚು ಯಾರದು?

ಈ ಪ್ರಶ್ನೆ ಕೇಳಲು ವಿಜ್ಞಾನಿಯಾಗಬೇಕಿಲ್ಲ. ಲೇಖನದಲ್ಲಿ ತಪ್ಪಿದ್ದರೆ ವಿಜ್ಞಾನ ವಿಭಾಗದ ಗೆಳೆಯರು ಮತ್ತು ಗುರುಗಳು ದಯವಿಟ್ಟು ತಿದ್ದಬೇಕು. ಸ್ವಚ್ಛವಾದ ನೀರು ಅಲ್ಲಾಹನ ನಿಅಮತ್. ಅದರ ಲೆಕ್ಕ ಇಡುವುದು ನಮ್ಮೆಲ್ಲರ ಹೊಣೆ.